ಕಂಬಿ ಬಿಟ್ಟು ಪೆನ್ಸಿಲ್ ಹಿಡಿದದ್ದು

ಬೆಳಿಗ್ಗೆ ಎಂಟು ಗಂಟೆ ಹದಿನೇಳು ನಿಮಿಷ. ಕುರ್ಲಾ ಬಿಟ್ಟ ಲೋಕಲ್ ರೈಲಿನ ಬಾಗಿಲಲ್ಲಿ ನಿಂತಿದ್ದ ನಾನು ಕಂಬಿ ಬಿಟ್ಟು ಪೆನ್ಸಿಲ್ ಹಿಡಿಯಲು ಹೋದೆ.

ಯಾರಾದರೂ ಮಾಡುವ ಕೆಲಸವೇ? ಬಿ.ಎ. ಓದಿದವನು ಮಾಡಿದ.

ನಿಮಗೆ ಗೊತ್ತಿರುವಂತೆ ನನಗೆ ಆಫೀಸಿಲ್ಲ. ವಿಷಯ ಹುಡುಕಿ ಈ ಪೇಪರಿಗೆ ವಾರಕ್ಕೊಂದು ಲೇಖನ ಬರೆಯುವುದೇ ಕಸುಬು. ಏನೂ ಸಿಗದ ವಾರ ಜನ ತುಂಬಿದ ಲೋಕಲ್ ಹತ್ತಿ, ಪಕ್ಕದವರ ಮಾತಿಗೆ ಕಿವಿಗೊಟ್ಟು ನಿಲ್ಲುತ್ತೇನೆ. (ನಿಮ್ಮಲ್ಲಿ ಕೆಲವರು ಇದನ್ನು ಪ್ರತಿಭೆ ಎಂದುಕೊಂಡಿದ್ದೀರಿ.) ಅಂದು ನನ್ನ ಹಿಂದೆ ಇಬ್ಬರು ಏನೋ ಹೇಳಿಕೊಂಡರು. ಎಂಥ ಚೆಂದದ ಮಾತು! ಮರೆಯುವ ಮೊದಲು ಬರೆದುಕೊಳ್ಳಬೇಕು. ಒಂದು ಕೈಯಲ್ಲಿ ನೋಟ್‌ಬುಕ್. ಇನ್ನೊಂದು ಕೈ ಜೇಬಿಗೆ ಹೋಯಿತು.

ಗಾಡಿ ಕುಲುಕಿತು. ನಾನು ಹೊರಕ್ಕೆ ವಾಲಿದೆ. ಎದುರಿಗೆ ಸಿಗ್ನಲ್ ಕಂಬ ಬರುತ್ತಿತ್ತು. ಅದರ ತುಕ್ಕು ಕೂಡ ಕಾಣಿಸಿತು. ಅಷ್ಟರಲ್ಲಿ ಯಾರೋ ಕಾಲರ್ ಹಿಡಿದು ಒಳಕ್ಕೆಳೆದರು. ಕಂಬ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹೋಯಿತು.

"ಎಂತ ಮಾರಾಯ್ರೆ! ಬರೀಲಿಕ್ಕೆ ನಿಮಗೆ ಮನೆಯಲ್ಲಿ ಜಾಗ ಇಲ್ಲವಾ?"

ಶೀನಣ್ಣ! ನಾವು ಬಾಡಿಗೆಗಿರುವ ಚಾಳಿನ ಕೆಳಗಿರುವ ಉಡುಪಿ ಹೋಟೆಲಿನ ಅಡುಗೆಯವರು. ಎಂದೂ ಇಲ್ಲದ ಇಸ್ತ್ರಿ ಶರಟು ಹಾಕಿಕೊಂಡಿದ್ದರು.

"ಶೀನಣ್ಣ, ಈ ವಾರ ನಿಮ್ಮದೇ ಲೇಖನ" ಎಂದೆ, ಉಸಿರು ಬಂದ ಕೂಡಲೇ.

ಅವರ ಮುಖ ಬಿಳಿಚಿತು. "ಬೇಡ, ದಮ್ಮಯ್ಯ! ನಾನು ಜ್ವರ ಅಂತ ಹೇಳಿ ರಜೆ ಹಾಕಿ ಬಂದದ್ದು. ಪರೇಲಿನಲ್ಲಿ ಒಂದು ಹೋಟೆಲಿನವರು ಕೈರುಚಿ ನೋಡ್ತೇವೆ ಅಂತ ಕರೆದಿದ್ದಾರೆ. ಆ ಕೆಲಸವೂ ಸಿಗದೆ, ಇಲ್ಲಿಯ ಧಣಿಗಳಿಗೂ ಗೊತ್ತಾದರೆ? ಊರಲ್ಲಿ ಆರು ಜನ ನನ್ನನ್ನೇ ನಂಬಿಕೊಂಡು ಇದ್ದಾರೆ."

"ಧಣಿಗಳಿಗೆ ಹೇಗೆ ಗೊತ್ತಾಗುತ್ತೆ?"

"ನಿಮ್ಮ ಪೇಪರಿನಿಂದಲೇ! ಮಧ್ಯಾಹ್ನ ಗಿರಾಕಿ ಕಮ್ಮಿ ಆದಾಗ ಗಟ್ಟಿಯಾಗಿ ಓದ್ತಾರೆ. ನಾವೆಲ್ಲ ತರಕಾರಿ ಹೆಚ್ಚುತ್ತಾ ಕೇಳ್ಬೇಕು."

(ಕೇಳ್ಬೇಕು! ಸಿಗ್ನಲ್ ಕಂಬಕ್ಕಿಂತ ಅದೇ ಹೆಚ್ಚು ಹತ್ತಿರ ಬಂದು ಬಡಿಯಿತು.)

ಪ್ರಾಣ ಉಳಿಸಿದವರ ಅನ್ನ ಕಳೆಯುವುದೇ? ಬರೆಯುವುದಿಲ್ಲವೆಂದು ಮಾತು ಕೊಟ್ಟೆ. ಮನೆಗೆ ಬಂದರೆ ಸಂಪಾದಕರ ಕಾರ್ಡು ಬಂದು ಕೂತಿತ್ತು: "ಲೇಖನ ಎಲ್ಲಿ?"

ಒಂದು ಉಪಾಯ ಹೂಡಿದೆ. ಲೇಖನದಲ್ಲಿ ಕುರ್ಲಾವನ್ನು ಬೊರಿವಲಿ ಮಾಡಿದೆ. ಶೀನಣ್ಣನನ್ನು ಮರಾಠಿ ಮೇಷ್ಟ್ರು ಮಾಡಿದೆ. ಎಲ್ಲ ಸರಿಹೋಯಿತು, ಆದರೆ ಕಾಲರ್ ಹಿಡಿದ ಕೂಡಲೇ ಮೇಷ್ಟ್ರು "ಎಂತ ಮಾರಾಯ್ರೆ" ಎನ್ನುತ್ತಿದ್ದರು. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಅದನ್ನೇ ಅಂದರು. ಹರಿದುಹಾಕಿ ಕಾಗೆಗಳ ಬಗ್ಗೆ ಬರೆದೆ. (ಆ ಲೇಖನ ಸಪ್ಪೆಯಾಗಿತ್ತೆಂದು ದೂರಿದವರಿಗೆ ಇದೇ ಉತ್ತರ.)

ಬರೆಯದೆ ಬಿಟ್ಟ ವಿಷಯ ಸುಮ್ಮನಿರುತ್ತದೆಯೇ? ಕಣ್ಣು ಮುಚ್ಚಿದರೆ ಸಾಕು, ಆ ಕಂಬ ತುಕ್ಕು ಸಮೇತ ಬರುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಿದ್ದೆ.

"ಅಲ್ಲಾ ರೀ, ನನ್ನ ಜಡೆ ಏನು ಲೋಕಲ್ಲಿನ ಕಂಬಿನಾ?" ಎಂದಳು ಹೆಂಡತಿ. ಮೂರನೆಯ ದಿನದಿಂದ ತಲೆ ಆ ಕಡೆ ಹಾಕಿ ಮಲಗತೊಡಗಿದಳು. ಆಮೇಲೆ ಅವಳ ಕಾಲು ಸಿಕ್ಕಿತು.

ಕಳೆದ ಗುರುವಾರ ಶೀನಣ್ಣ ಮೆಟ್ಟಿಲು ಹತ್ತಿ ಬಂದರು. ಪರೇಲಿನವರು ಅವರ ಸಾಂಬಾರು ಒಪ್ಪಿದ್ದಾರೆ. ಹಳೆಯ ಧಣಿಗಳಿಗೂ ನಿಜ ಹೇಳಿ, ಕೈಮುಗಿದು ಬಂದಿದ್ದಾರೆ.

"ಇನ್ನು ಬರೀರಿ. ಹೆಸರು ಸರಿಯಾಗಿ ಹಾಕಿ ಆಯ್ತಾ. ಹೊಸ ಧಣಿಗಳೂ ನಿಮ್ಮ ಪೇಪರ್ ತರಿಸ್ತಾರೆ."

"ಹಾಗಾದ್ರೆ ಅಲ್ಲೂ ಕೇಳ್ಬೇಕಾ?"

"ಎಂತ ಮಾಡುವುದು ಮಾರಾಯ್ರೆ!"

ಅಂದೇ ನೆಲದ ಮೇಲೆ ಕೂತು, ಗೋಡೆಗೆ ಗಟ್ಟಿಯಾಗಿ ಒರಗಿ, ಇದನ್ನು ಬರೆದು ಮುಗಿಸಿದೆ. ಯಾವ ಮಾತಿಗಾಗಿ ಕಂಬಿ ಬಿಟ್ಟೆನೋ ಅದು ಮಾತ್ರ ಇನ್ನೂ ನೆನಪಾಗಿಲ್ಲ. (ಆ ಗಾಡಿಯಲ್ಲಿದ್ದವರು ದಯವಿಟ್ಟು ಒಂದು ಕಾರ್ಡು ಹಾಕಿ.)

ಅಂಚೆಗೆ ಹಾಕುವ ಮೊದಲು ಇನ್ನೊಂದು ಮಾತು: ಆ ಗುರುವಾರ ರಾತ್ರಿ ಬೆಳಗಿನವರೆಗೆ ನಿದ್ದೆ ಬಂತು. ಎದ್ದು ನೋಡಿದರೆ ಹೆಂಡತಿಯ ತಲೆ ಮತ್ತೆ ಈ ಕಡೆಗೆ ಬಂದಿತ್ತು.