ಗೋಕಾಕದ ಕಟ್ಟಿಗೆ ಬಂದೂಕುಗಳು

ಮೊನ್ನೆ ಪರೀಕ್ಷೆಗೆ ಓದುತ್ತ ಕುಳಿತಿದ್ದ ಮೊಮ್ಮಗಳು ಒಂದು ಪ್ರಶ್ನೆಯನ್ನು ತಂದು ನನ್ನ ಅವಲಕ್ಕಿ ತಾಟಿನ ಪಕ್ಕಕ್ಕೆ ಇಟ್ಟಳು. 'ಮಹಾಶಕ್ತಿಗಳ ಪೈಪೋಟಿಯ ನಡುವೆ ಪ್ರಾದೇಶಿಕ ಭದ್ರತೆಯ ಸವಾಲುಗಳನ್ನು ವಿವರಿಸಿ. ಹತ್ತು ಅಂಕ.' ಹಲ್ಲು ಬಿದ್ದವರಿಗೆಲ್ಲ ಇತಿಹಾಸ ಗೊತ್ತಿರುತ್ತದೆಂದು ಅವಳ ನಂಬಿಕೆ. ನಾನು ಕನ್ನಡಕ ಒರೆಸಿಕೊಂಡೆ, ಗಂಟಲು ಸರಿಮಾಡಿಕೊಂಡೆ, ನಾನೂ ಒಂದು ಕಾಲಕ್ಕೆ ದಂಡಿನಲ್ಲಿದ್ದವನೇ ಎಂದು ಶುರು ಮಾಡಿದೆ. ಅವಳು ಪೆನ್ನು ಹಿಡಿದಳು. ಮೂರನೆಯ ವಾಕ್ಯಕ್ಕೆ ಪೆನ್ನು ಮುಚ್ಚಿ ಎದ್ದುಹೋದಳು. ಅವಳು ಕೇಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಪರೀಕ್ಷೆ ಇಲ್ಲವಲ್ಲ.

ನಮ್ಮೂರಿನ ಹೆಸರು ಬೇಡ. ಹಳ್ಳದ ಆಚೆಯ ಊರಿನದೂ ಬೇಡ. ಎರಡೂ ಕಡೆ ನನ್ನನ್ನು ಇನ್ನೂ ಊಟಕ್ಕೆ ಕರೆಯುವವರಿದ್ದಾರೆ. ಗೋಕಾಕಕ್ಕೂ ಮೂಡಲಗಿಗೂ ನಡುವೆ ಎಲ್ಲೋ ಎಂದು ತಿಳಿದುಕೊಂಡರೆ ಸಾಕು. ಎರಡು ಊರು, ನಡುವೆ ಒಂದು ಹಳ್ಳ, ಹಳ್ಳದ ದಂಡೆಗೆ ಎರಡೂ ಊರಿನ ದನ ಮೇಯುವ ಗಾಯರಾಣ. ಹೆಣ್ಣು ಕೊಡುವುದು, ತರುವುದು ಆ ಹಳ್ಳ ದಾಟಿಯೇ ನಡೆಯುತ್ತಿತ್ತು. ನನ್ನ ಅಕ್ಕ ಶಾಂತಕ್ಕನನ್ನೂ ಹಾಗೆಯೇ ಆಚೆಯ ಊರಿನ ಭೀಮನಗೌಡರ ಮಗನಿಗೆ ಕೊಟ್ಟಿದ್ದೆವು. ಅಪ್ಪ ಇರಲಿಲ್ಲ. ಮುಂದೆ ನಿಂತು ಮದುವೆ ಮಾಡಿದವನು ಅಪ್ಪನ ತಮ್ಮ ಬಾಪೂ ಕಾಕಾ. ಅವತ್ತು ಕಾಕಾನೂ ಗೌಡರೂ ಒಂದೇ ಎಲೆಯಡಿಕೆ ತಟ್ಟೆಗೆ ಕೈಹಾಕಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ಕುಳಿತದ್ದನ್ನು ನೋಡಿ ಹೆಂಗಸರು ನೆಟಿಗೆ ಮುರಿದು ದೃಷ್ಟಿ ತೆಗೆದಿದ್ದರು. ಸರಿಯಾಗಿ ತೆಗೆಯಲಿಲ್ಲವೆಂದು ಕಾಣುತ್ತದೆ.

ಚೀನಾದವರು ಗಡಿ ದಾಟಿದ ಸುದ್ದಿ ಪಂಚಾಯತಿಯ ರೇಡಿಯೋದಲ್ಲಿ ಬಂತು. ಅದೇ ಹೊತ್ತಿಗೆ ಅತ್ತ ಸಮುದ್ರದಾಚೆ ಅಮೆರಿಕ, ರಶಿಯಾ ಎರಡೂ ಕ್ಯೂಬಾ ಎಂಬ ನಡುಗಡ್ಡೆಯ ಸಲುವಾಗಿ ಮೀಸೆ ತಿರುವುತ್ತ ನಿಂತಿದ್ದವು. ಪಂಚಾಯತಿಯ ಚೇರಮನ್ನನಾಗಿದ್ದ ಬಾಪೂ ಕಾಕಾ ಇವೆರಡನ್ನೂ ಸೇರಿಸಿ ನಮಗೆ ಅರ್ಥಮಾಡಿಸುತ್ತಿದ್ದ. ಜಗತ್ತಿನಲ್ಲಿ ಈಗ ಉಳಿದಿರುವುದು ಎರಡೇ ವಾಡೆ, ಮಿಕ್ಕವರೆಲ್ಲ ಒಂದಲ್ಲ ಒಂದು ವಾಡೆಯ ಒಕ್ಕಲು, ನಾವು ಮಾತ್ರ ಎರಡೂ ಕಡೆ ಮಜ್ಜಿಗೆ ಕುಡಿದು ಯಾರ ಹೊಲಕ್ಕೂ ಆಳಾಗಿ ಹೋಗದವರು ಎನ್ನುತ್ತಿದ್ದ. ಅಲಿಪ್ತ ನೀತಿಯನ್ನು ಇಷ್ಟು ಚೆನ್ನಾಗಿ ವಿವರಿಸಿದವರನ್ನು ನಾನು ಆಮೇಲೆ ಕಾಲೇಜಿನಲ್ಲೂ ಕಾಣಲಿಲ್ಲ.

ತಾಲೂಕಿನಿಂದ ಒಬ್ಬ ಸಾಹೇಬರು ಬಂದು, ಊರಿಗೊಂದು ರಕ್ಷಣಾ ದಳ ಆಗಲೇಬೇಕೆಂದು ಭಾಷಣ ಮಾಡಿ, ಚಹಾ ಕುಡಿದು ಹೋದರು. ಬಂದೂಕು ಹಿಂದಿನಿಂದ ಬರುತ್ತವೆ ಎಂದರು. ಇನ್ನೂ ಬರಬೇಕು. ಕಾಕಾ ದಳದ ಮುಖ್ಯಸ್ಥನಾದ. ಮೊದಲ ಸಲ ಮ್ಯಾಟ್ರಿಕ್ ನಪಾಸಾಗಿ ಮನೆಯಲ್ಲಿ ಮೀಸೆ ಬೆಳೆಸುತ್ತಿದ್ದ ನಾನು ಎತ್ತರದ ಕಾರಣಕ್ಕೆ ಮೊದಲ ಸಾಲಿನಲ್ಲಿ ನಿಂತೆ. ಕಲಿಸಲು ಹುಕ್ಕೇರಿ ತಾಲೂಕಿನ ದಡ್ಡಿಯಿಂದ ಪೆನ್ಶನ್ ಹವಾಲ್ದಾರರೊಬ್ಬರನ್ನು ಕರೆಸಿದರು. ಅವರು ನಮ್ಮ ಕೈಯಲ್ಲಿದ್ದ ಬಡಿಗೆಗಳನ್ನು ನೋಡಿ, ಇದು ಪಲ್ಟನ್ನೋ ಎಮ್ಮೆ ಕಾಯುವವರ ಸಂಘವೋ ಎಂದು ಕೇಳಿದರು. ಕಾಕಾನಿಗೆ ಆ ಮಾತು ನಾಟಿತು. ಮರುದಿನವೇ ಚಕ್ಕಡಿ ಹೂಡಿಸಿ, ನನ್ನನ್ನೂ ಕೂರಿಸಿಕೊಂಡು ಗೋಕಾಕಕ್ಕೆ ಹೊರಟ.

ಗೋಕಾಕದ ಚಿತ್ರಗಾರರ ಕೈಯನ್ನು ನೀವು ನೋಡಿದ್ದೀರೋ ಇಲ್ಲವೋ. ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಬಳಿದ ಅವರ ಪೇರಲ ಹಣ್ಣನ್ನು ನಿಜವಾದ ಹಣ್ಣುಗಳ ನಡುವೆ ಇಟ್ಟರೆ ಗಿಳಿಯೂ ಮೋಸ ಹೋಗಬೇಕು. ಹೊಸ ಅಳಿಯನ ತಾಟಿನಲ್ಲಿ ಅದನ್ನಿಟ್ಟು ಅವನು ಕಚ್ಚುವುದನ್ನೇ ಕಾಯುವುದು ನಮ್ಮ ಮನೆಯ ಹುಡುಗಿಯರ ಚೇಷ್ಟೆಯಾಗಿತ್ತು. ಕಾಕಾ ಅಂಥ ಒಬ್ಬ ಚಿತ್ರಗಾರ ತುಕಾರಾಮಪ್ಪನ ಮುಂದೆ ಕುಳಿತು, ದಳಕ್ಕೆಲ್ಲ ಆಗುವಷ್ಟು ಬಂದೂಕು ಬೇಕೆಂದ. ತುಕಾರಾಮಪ್ಪ ಆಗಲಿ ಎಂದ. ಅವನಿಗೆ ಗಣಪತಿಯೂ ಒಂದೇ, ಬಂದೂಕೂ ಒಂದೇ. ಎಂಟು ದಿನ ಬಿಟ್ಟು ಹೋದರೆ ನಳಿಗೆಗಳು ಕರ್ರಗೆ ಮಿರಿಮಿರಿ ಮಿಂಚುತ್ತಿದ್ದವು. ಹಿಡಿಕೆಗೆ ಮಾತ್ರ ಕೆಂಪು ಬಳ್ಳಿ, ಬಳ್ಳಿಯ ಮೇಲೊಂದು ಹಸಿರು ಗಿಳಿ.

ಕಾಕಾ ಸಿಟ್ಟಾದ. ತುಕಾರಾಮಪ್ಪ ಕೈಮುಗಿದು ಹೇಳಿದ: "ಚಿತ್ರಾ ಇಲ್ಲದ ಸಾಮಾನು ಈ ಅಂಗಡಿ ಬಿಟ್ಟು ಹ್ವಾದ್ರ ನಮ್ಮಪ್ಪನ ಹೆಸರು ಕೆಡತೈತ್ರಿ ಸಾವಕಾರ್ರ. ದೂರಿಂದ ಕಾಣಂಗಿಲ್ಲ ಬಿಡ್ರಿ."

ದೂರದಿಂದ ಕಾಣಲಿಲ್ಲ ಎನ್ನುವುದೇ ತೊಂದರೆಯಾಯಿತು. ಗೋಣಿತಟ್ಟಿನಲ್ಲಿ ಸುತ್ತಿದ ಬಂದೂಕುಗಳ ಕರಿ ನಳಿಗೆಗಳು ಚಕ್ಕಡಿಯ ಹಿಂದೆ ಚಾಚಿಕೊಂಡಿದ್ದವು. ಹಳ್ಳದಲ್ಲಿ ಎಮ್ಮೆ ಮೈತೊಳೆಯುತ್ತಿದ್ದ ಆಚೆಯ ಊರಿನವರು ಅದನ್ನು ಕಂಡರು. ದೀಪ ಹಚ್ಚುವ ಹೊತ್ತಿಗೆ, ಈಚೆಯವರಿಗೆ ಸರಕಾರ ಗುಟ್ಟಾಗಿ ಬಂದೂಕು ಕೊಟ್ಟಿದೆ, ಚೀನಾದ ಹೆಸರು ಹೇಳಿ ಗಾಯರಾಣ ನುಂಗುತ್ತಾರೆ ಎಂದು ಅಲ್ಲಿ ಮಾತು ಹಬ್ಬಿತ್ತು. ಭೀಮನಗೌಡರು ತಮ್ಮ ದಳ ಕಟ್ಟಿದರು. ಅವರೂ ಗೋಕಾಕಕ್ಕೇ ಹೋದರು, ಅದೇ ತುಕಾರಾಮಪ್ಪನ ಹತ್ತಿರ. ಅವನಿಗೂ ಅಲಿಪ್ತ ನೀತಿ ಇತ್ತು ನೋಡಿ. ನಮಗಿಂತ ಒಂದು ಗೇಣು ಉದ್ದದ ಬಂದೂಕು ಒಯ್ದರು. ಅದನ್ನು ತುಕಾರಾಮಪ್ಪನೇ ನಮಗೆ ತಿಳಿಸಿದ. ಕಾಕಾ ಅವರದಕ್ಕಿಂತ ಒಂದು ಗೇಣು ಉದ್ದದ್ದು ಮಾಡಿಸಿದ. ಹೀಗೆ ಬೆಳೆದು ಬೆಳೆದು, ಹವಾಲ್ದಾರರು 'ದಾಹಿನೇ ಮುಡ್' ಎಂದು ಬಲಕ್ಕೆ ತಿರುಗಿಸಿದರೆ ಒಬ್ಬನ ಬಂದೂಕು ಮೂರನೆಯವನ ಕಿವಿಗೆ ಬಡಿಯುವಂತಾಯಿತು. ನಮ್ಮ ಕಡೆ ಗಾಯಗೊಂಡವರೆಲ್ಲ ಹೀಗೆ ಗಾಯಗೊಂಡವರೇ.

ಹವಾಲ್ದಾರರು ವಾರದಲ್ಲಿ ಎರಡು ದಿನ ಕಾಣುತ್ತಿರಲಿಲ್ಲ. ಆಮೇಲೆ ತಿಳಿಯಿತು, ಆಚೆಯ ಊರಿನ ಕವಾಯತೂ ಅವರದೇ. ಕಾಕಾ ಕೇಳಿದ್ದಕ್ಕೆ, ಗರಡಿಯ ಉಸ್ತಾದ ಎರಡೂ ಕಡೆಯ ಪೈಲ್ವಾನರಿಗೆ ಕಲಿಸುವುದಿಲ್ಲವೇ ಎಂದು ಅವರೇ ತಿರುಗಿ ಕೇಳಿದರು.

ಅವರ ಬಂದೂಕು ಕಟ್ಟಿಗೆಯವೆಂದು ನಮಗೆ ಗೊತ್ತಿತ್ತು. ನಮ್ಮವು ಕಟ್ಟಿಗೆಯವೆಂದು ಅಷ್ಟರಲ್ಲಿ ಅವರಿಗೂ ಗೊತ್ತಾಗಿತ್ತು. ಮಾಡಿದವನು ಒಬ್ಬನೇ, ಕಲಿಸಿದವನು ಒಬ್ಬನೇ. ಹಾಗಿದ್ದ ಮೇಲೆ ಅಂಜಿಕೆ ಯಾವುದಕ್ಕೆ ಎಂದು ನಾನೊಮ್ಮೆ ಕಾಕಾನನ್ನು ಕೇಳಿದೆ. ಅವನು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ.

"ಎಲ್ಲಾ ಕಟ್ಟಿಗೀವು ಖರೆ. ಅದರಾಗ ಒಂದ ಖರೇದ್ದು ಇದ್ರ?"

ದೊಡ್ಡ ದೊಡ್ಡ ದೇಶಗಳ ಮಂತ್ರಿಗಳು ನಿದ್ದೆಗೆಡುವುದು ಈ ಒಂದು ಪ್ರಶ್ನೆಗೇ ಎಂದು ಈಗ ಅನ್ನಿಸುತ್ತದೆ. ಆಗ ನನಗೂ ಅದು ಬಹಳ ಸರಿ ಎನ್ನಿಸಿತ್ತು. ಅಂದಿನಿಂದ ನಾನೂ ಆಚೆಯ ಸಾಲಿನಲ್ಲಿ ಆ ಒಂದು ಬಂದೂಕನ್ನು ಹುಡುಕತೊಡಗಿದೆ.

ಈ ನಡುವೆ ಶಾಂತಕ್ಕನಿಗೆ ದಿನ ತುಂಬುತ್ತಿದ್ದವು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲೇ ಹೋಗಿ ಕುಬಸದ ಶಾಸ್ತ್ರ ಮಾಡಿ ಕರೆತರಬೇಕಿತ್ತು. ಅಕ್ಕನ ಮೈ ಮೊದಲಿನಿಂದ ನಾಜೂಕು. ಅವ್ವನ ಅಕ್ಕ ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಿದ್ದಳು, ಅದೂ ಹಳ್ಳಿಯಲ್ಲಿ ಸೂಲಗಿತ್ತಿ ಸಿಗದೆ. ಎರಡೂ ಊರಿಗೆ ಇದ್ದ ಒಬ್ಬಳೇ ಸೂಲಗಿತ್ತಿ ನಮ್ಮ ಓಣಿಯವಳು. ಆದ್ದರಿಂದ ಅವ್ವನಿಗೆ ಹಗಲೂ ಇದೇ ಚಿಂತೆ, ಇರುಳೂ ಇದೇ ಚಿಂತೆ. ಮನೆಯ ಹಿರಿಯನಾಗಿ ಕಾಕಾನೇ ಕರೆಯಲು ಹೋಗಬೇಕು. ಆದರೆ ದಳದ ಮುಖ್ಯಸ್ಥ ಬರಿಗೈಯಲ್ಲಿ ಹೋದರೆ ಶರಣಾದಂತೆ. ಬಂದೂಕು ಹಿಡಿದು ಹೋದರೆ ದಾಳಿ ಮಾಡಿದಂತೆ. ಅತ್ತ ಗೌಡರು, ಬಂದೂಕು ಹಿಡಿದು ನಿಂತ ಊರಿಗೆ ತುಂಬಿದ ಬಸುರಿಯನ್ನು ಕಳಿಸುವುದಿಲ್ಲ, ಮೊದಲು ಅವರು ಕೆಳಗಿಡಲಿ ಎಂದರು. ಕಾಕಾ, ಅವರೇ ಮೊದಲು ಇಡಲಿ ಎಂದ. ಈ ಮಾತುಕತೆಯನ್ನೆಲ್ಲ ಬಳೆಗಾರ್ತಿಯೊಬ್ಬಳು ಹೊತ್ತು ತಿರುಗಿದಳು. ತೊಟ್ಟಿಲಿಗೆ ಕಟ್ಟುವ ಗಿಳಿಗೊಂಚಲು ಮಾಡಿಸಲು ಅವ್ವ ಗೋಕಾಕಕ್ಕೆ ಹೇಳಿಕಳಿಸಿದರೆ, ಬಂದೂಕಿನ ಕೆಲಸ ಮುಗಿಯುವವರೆಗೆ ಕೈ ಖಾಲಿ ಇಲ್ಲವೆಂದು ತುಕಾರಾಮಪ್ಪ ಹೇಳಿಕಳಿಸಿದ. ಅವ್ವ ಅವತ್ತು ಊಟ ಮಾಡಲಿಲ್ಲ.

ಅಷ್ಟರಲ್ಲಿ ಕ್ಯೂಬಾದಿಂದ ರಶಿಯಾ ತನ್ನ ಅಸ್ತ್ರಗಳನ್ನು ವಾಪಸು ಒಯ್ದಿತು. ಚೀನಾದವರೂ ಯುದ್ಧ ನಿಲ್ಲಿಸಿ ಹಿಂದೆ ಸರಿದರೆಂದು ರೇಡಿಯೋ ಹೇಳಿತು. ನಮ್ಮ ಹಳ್ಳದ ದಂಡೆಯಿಂದ ಮಾತ್ರ ಯಾರೂ ಹಿಂದೆ ಸರಿಯಲಿಲ್ಲ.

ಸಂಕ್ರಾಂತಿ ಕಳೆದ ಒಂದು ಮುಂಜಾನೆ. ಹಳ್ಳದ ಈ ದಂಡೆಗೆ ನಾವು, ಆ ದಂಡೆಗೆ ಅವರು, ಕವಾಯತು ನಡೆದಿತ್ತು. ಅವತ್ತಿನ ಪಹರೆ ನನ್ನದು. ಮೊಣಕಾಲುದ್ದ ನೀರಿನಲ್ಲಿ ಇಬ್ಬರು ಹೆಂಗಸರು ಇಳಿದು ಬರುತ್ತಿದ್ದರು: ಶಾಂತಕ್ಕ ಮತ್ತು ಅವಳನ್ನು ಹಿಡಿದುಕೊಂಡಿದ್ದ ಅವಳ ಅತ್ತೆ ಕಾಶವ್ವ. ಗಂಡಸರನ್ನು ಕೇಳದೆ ಹೊರಟು ಬಂದಿದ್ದರು. ಹವಾಲ್ದಾರರು ಕಲಿಸಿದ್ದು ಬಾಯಿಗೆ ತಾನಾಗಿ ಬಂತು. ನಾನು ನಳಿಗೆ ಮುಂದೆ ಮಾಡಿ, "ಥಮ್! ಕೌನ್ ಆತಾ ಹೈ?" ಎಂದು ಕೂಗಿದೆ.

ಶಾಂತಕ್ಕ ನಿಂತಳು. ಅವಳ ಮುಖ ಬೆವೆತಿತ್ತು, ಆ ಚಳಿಯಲ್ಲಿ.

"ನಾನೋ, ನಿಮ್ಮಕ್ಕ. ಬಾಜೂ ಸರಿ. ಬ್ಯಾನಿ ಶುರು ಆಗ್ಯಾವ."

ಅಷ್ಟು ಹೇಳಿ ನೀರಿನಲ್ಲೇ ಕುಸಿದಳು. ಕಾಶವ್ವ ಎರಡೂ ದಂಡೆಗೆ ಕೇಳುವಂತೆ, ತನ್ನ ಗಂಡನ ಕಡೆಗೂ ನಮ್ಮ ಕಾಕಾನ ಕಡೆಗೂ ಒಂದೊಂದು ಸಲ ನೋಡಿ, "ಕಟ್ಟಿಗಿ ಕೆಳಗ ಒಗದು ಕಂಬಳಿ ತರ್ರಿ" ಎಂದಳು.

ಯಾರು ಮೊದಲು ಒಗೆದರೋ ನನಗೆ ಗೊತ್ತಿಲ್ಲ. ತಿಂಗಳುಗಟ್ಟಲೆ ವಾದ ನಡೆದದ್ದು ಅದೊಂದೇ ವಿಷಯಕ್ಕೆ. ಆ ಹೊತ್ತಿಗೆ ಅದನ್ನು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಕಂಬಳಿಯ ಎರಡು ಮೂಲೆ ಅವರು ಹಿಡಿದರು, ಎರಡು ಮೂಲೆ ನಾವು ಹಿಡಿದೆವು. ಹಿಂದೆ ನೀರಿನಲ್ಲಿ ಬಂದೂಕುಗಳು ತೇಲುತ್ತ, ಗಿಳಿಗಳನ್ನು ಮೇಲೆ ಮಾಡಿಕೊಂಡು ಘಟಪ್ರಭೆಯ ದಿಕ್ಕಿಗೆ ಹೊರಟಿದ್ದವು. ನಾನು ದಾರಿಯುದ್ದಕ್ಕೂ ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಅಕ್ಕನಿಗೆ ಏನಾದರೂ ಆದರೆ ನನ್ನ ಬಾಯಿಂದ ಅವಳು ಕೇಳಿದ ಕೊನೆಯ ಮಾತು 'ಕೌನ್ ಆತಾ ಹೈ' ಆಗುತ್ತಿತ್ತು.

ಏನೂ ಆಗಲಿಲ್ಲ. ಹೊತ್ತು ಏರುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿ ಹೊರಗೆ ಬಂದು, ಎರಡೂ ಕಡೆಯ ಸೈನ್ಯ ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತದ್ದನ್ನು ನೋಡಿ, ಹೊಲದ ಕೆಲಸವಿಲ್ಲವೇ ನಿಮಗೆ ಎಂದು ಬೈದಳು.

ಹಳ್ಳದಲ್ಲಿ ಸಿಕ್ಕ ಬಂದೂಕುಗಳನ್ನು ಅಗಸರು ಹೊರೆ ಕಟ್ಟಿ ತಂದು ನಮ್ಮ ಹಿತ್ತಲಿನಲ್ಲಿ ಹಾಕಿದರು. ಯಾವುದು ನಮ್ಮದು, ಯಾವುದು ಅವರದು ಎಂದು ಆರಿಸಲು ಹವಾಲ್ದಾರರು ಬಂದು, ಒಂದೊಂದನ್ನೇ ತಿರುಗಿಸಿ ನೋಡಿ, ಕೊನೆಗೆ ಎಲೆಯಡಿಕೆ ಹಾಕಿಕೊಂಡು ದಡ್ಡಿಗೆ ಹೊರಟುಹೋದರು. ನಾನು ಗುಟ್ಟಾಗಿ ಎಲ್ಲವನ್ನೂ ಎತ್ತಿ ನೋಡಿದೆ. ಖರೇದ್ದು ಒಂದೂ ಇರಲಿಲ್ಲ.

ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕು. ಅವ್ವ ಬಂದೂಕುಗಳನ್ನು ಬಿಸಿಲಿಗೆ ಒಣಗಿಸಿ ಬಚ್ಚಲ ಒಲೆಗೆ ಹಾಕತೊಡಗಿದಳು. ಐದನೆಯ ದಿನ ಭೀಮನಗೌಡರು ಮೊಮ್ಮಗಳನ್ನು ನೋಡಲು ಬಂದರು. ಕಾಕಾ ಬಂದವರಿಗೆ ನೀರು ಕೊಟ್ಟ. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಎದುರಿನ ಗೋಡೆ ನೋಡತೊಡಗಿದರು. ಒಳಗಿನಿಂದ ಅವ್ವ, ಒಲೆಗೆ ಉರುವಲು ಮುಗಿದಿದೆ ಎಂದಳು. ಕಾಕಾ ಎದ್ದು ಪಡಸಾಲೆಗೆ ಹೋಗಿ, ಗೂಟಕ್ಕೆ ತೂಗಿಹಾಕಿದ್ದ ತನ್ನ ಸ್ವಂತ ಬಂದೂಕನ್ನು ತಂದ. ಎಲ್ಲಕ್ಕಿಂತ ಉದ್ದದ್ದು, ಎರಡು ಗಿಳಿಯದ್ದು. ಬಚ್ಚಲ ಬಾಗಿಲಿಗೆ ಇಟ್ಟ. ಅವ್ವ ಅದನ್ನು ಮೊಣಕಾಲಿಗೆ ಹಚ್ಚಿ ಲಟಕ್ಕನೆ ಮುರಿದು ಒಲೆಗೆ ತುರುಕಿದಳು. ಬುಗ್ಗೆಂದು ಉರಿಯಿತು, ಬಣ್ಣದ ಹೊಗೆ ಬಂತು, ಆರಿಹೋಯಿತು.

ಅವ್ವ ಹಂಡೆಯೊಳಗೆ ಕೈಯಿಟ್ಟು ನೋಡಿ ಅಲ್ಲಿಂದಲೇ ಹೇಳಿದಳು: "ಬಾಪೂ, ಇದಕ್ಕ ಇಷ್ಟ ದಿನಾ ಅಂಜಿಕೊಂಡು ಕುಂತಿದ್ರೇನು? ಒಂದ ತಂಬಿಗಿ ನೀರೂ ಕಾಯಲಿಲ್ಲ."

ಭೀಮನಗೌಡರು ಕೆಮ್ಮಿದರು. ಸಂಜೆಗೆ ಅವರ ಮನೆಯಿಂದ ಒಂದು ಚಕ್ಕಡಿ ಜಾಲಿ ಕಟ್ಟಿಗೆ ಬಂತು, ಯಾವ ಷರತ್ತೂ ಇಲ್ಲದೆ.

ಮೊಮ್ಮಗಳು ಎದ್ದುಹೋದ ಮೇಲೆ ಸುಮ್ಮನೆ ಕೂರಲಾಗದೆ, ಅವತ್ತು ಹುಟ್ಟಿದ ಕೂಸಿಗೆ ಫೋನು ಹಚ್ಚಿದೆ. ಕೂಸು ಈಗ ಸ್ವತಃ ಅಜ್ಜಿ, ಮೂಡಲಗಿಯಲ್ಲಿರುತ್ತಾಳೆ. ಶಾಂತಕ್ಕ ಹೋಗಿ ಬಹಳ ವರ್ಷವಾಯಿತು. ನೀನು ಹುಟ್ಟುವ ಮೊದಲೇ ನಿನ್ನನ್ನು ಗಡಿಯಲ್ಲಿ ತಡೆದವನು ನಾನು ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

"ಅವ್ವ ಹೇಳತಿದ್ಲ್ರಿ ಮಾಮಾ. ಬಂದೂಕ ಹಿಡದ ನಿಮ್ಮ ಕೈ ಗಡಗಡ ನಡಗಾಕತ್ತಿತ್ತಂತ. ಅದನ್ನ ನೋಡಿದ ಮ್ಯಾಲ ಆಕಿ ಅಂಜಿಕಿ ಹೋತಂತ. ಇಂವ ಇನ್ನಾ ನನ್ನ ತಮ್ಮನ ಅದಾನ ಅಂದ್ಕೊಂಡ್ಲಂತ."

ಅದನ್ನು ಯಾರೂ ನೋಡಲಿಲ್ಲವೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.