ಹೆಬ್ಬೆಟ್ಟು ಬಿದ್ದ ಪುಟ

ಬಾಬಾಯಿಯ ಬಲಗೈ ಹೆಬ್ಬೆರಳಿನ ಗೆರೆಗಳೊಳಗೆ ಇಳಿದಿದ್ದ ಕಪ್ಪು ಆಯಿಲ್ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಚಹಾ ಕುಡಿಯುವಾಗಲೂ ಆ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು. ವಿಜಯವಾಡದ ಒನ್ ಟೌನ್‌ನಲ್ಲಿ ಅವರದು ಆಯಿಲ್ ಅಂಗಡಿ. ಹರೆಯದಲ್ಲಿ ಬಳ್ಳಾರಿಯ ಲಾರಿ ಗ್ಯಾರೇಜುಗಳಲ್ಲಿ ದುಡಿದವರು, ನನ್ನ ಧಾರವಾಡ ಕನ್ನಡ ಕೇಳಿದರೆ ಸಾಕು, ಮುಖ ಅರಳುತ್ತಿತ್ತು. ತೆಲುಗಿನಲ್ಲಿ ಚಿಕ್ಕಪ್ಪನಿಗೆ ಬಾಬಾಯಿ ಅನ್ನುತ್ತಾರೆ. ನಾನೂ ಹಾಗೇ ಕರೆದೆ.

ಮೊದಲ ದಿನ ಅವರಲ್ಲಿಗೆ ಹೋದಾಗ ಅಳುವುದೊಂದು ಬಾಕಿ. ಅಪ್ಪ ಬಿಟ್ಟುಹೋದ ಕಾರು, ನಾನು ಡ್ರೈವಿಂಗ್ ಕಲಿತ ಕಾರು, ಎರಡನೇ ಗೇರಿಗೆ ಕರಕರ ಎನ್ನುತ್ತಿತ್ತು. ಬ್ಯಾಂಕಿನಲ್ಲಿ ನನಗೆ ವಿಶಾಖಪಟ್ಟಣಕ್ಕೆ ವರ್ಗ ಬೇರೆ ಆಗಿತ್ತು. ಮನೆ ಹತ್ತಿರದ ಮೆಕ್ಯಾನಿಕ್ "ಗೇರ್‌ಬಾಕ್ಸೇ ಹೋಗಿದೆ, ಗುಜರಿಗೆ ಹಾಕಿ" ಎಂದಿದ್ದ. ಆಯಿಲ್ ಬದಲಿಸಿಯಾದರೂ ನೋಡೋಣ ಎಂದು ಬಂದಿದ್ದೆ.

ಬಾಬಾಯಿ ಡಬ್ಬಿ ಕೊಡಲಿಲ್ಲ. "ಆಯಿಲ್ ಕೊನೀಗೆ. ಮೊದಲು ಗಾಡಿ ಮಾತಾಡ್ಲಿ" ಎಂದು ಪಕ್ಕದಲ್ಲಿ ಕೂತು, ಗೇರ್ ರಾಡಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ನಾನು ಎರಡನೇ ಗೇರ್ ಹಾಕಿದೆ. ಕರ್ರ್!

"ಹೋದ ಸಲ ಯಾವ ಆಯಿಲ್ ಹಾಕ್ಸಿದಿ?"

"ನಾನೇ ಆರ್ಸಿದ್ದು ಬಾಬಾಯ್! ಜಿಎಲ್ ನಾಕು, ಜಿಎಲ್ ಐದು ಅಂತ ಎರಡು ದರ್ಜೆ ಇದ್ದವು. ಹೆಚ್ಚಿಂದೇ ಇರ್ಲಿ ಅಂತ ಐದು ತೊಗೊಂಡೆ."

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ತಲ್ಲೀ, ನನ್ನ ತಾಯಿ! ಅದೇನು ಬಡ್ಡಿ ರೇಟಾ, ಹೆಚ್ಚಿದ್ದಷ್ಟೂ ಚಲೋ ಅನ್ನಾಕ? ನಿನ್ನ ಗೇರ್‌ಬಾಕ್ಸಿನಾಗ ಹಿತ್ತಾಳಿ ಉಂಗುರ ಅದಾವ. ಅವು ಗೇರನ್ನ ಹಿಡಿದು ವೇಗ ಹೊಂದಿಸ್ಬೇಕು. ಈ ಆಯಿಲ್‌ನಾಗ ಜಾರ್ತಾವ, ಹಿಡಿಯಂಗಿಲ್ಲ. ಭಾಳ ದಿನ ಬಿಟ್ರ ಹಿತ್ತಾಳೀನೂ ತಿಂದು ಹಾಕ್ತದ. ಗಾಡಿ ಪುಸ್ತಕ ಓದಿದೇನು?"

'ಓದಿ ಸಹಿ ಮಾಡಿ' ಎಂದು ಗ್ರಾಹಕರಿಗೆ ದಿನವಿಡೀ ಹೇಳುವವಳು ನಾನು! ನಾಚಿಕೆಯಿಂದ ಪುಸ್ತಕ ತೆಗೆದೆ. ಜಿಎಲ್ ನಾಲ್ಕು ಎಂಬ ಸಾಲಿನ ಕೆಳಗೆ ಅಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. "ತೀರಿಹೋದ ಅಪ್ಪನ ಗೆರಿ ಇದು" ಎಂದೆ.

"ನೋಡು, ನಿಮ್ಮಪ್ಪ ಹೇಳೇ ಹೋಗ್ಯಾರ" ಎಂದು ಬಾಬಾಯಿ ಆ ಸಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಕಪ್ಪಗೆ ಗುರುತು ಬಿತ್ತು. ಅಪ್ಪನ ಪುಸ್ತಕಕ್ಕೆ ಕಲೆ! ನನಗೆ ಸಿಟ್ಟೇ ಬಂತು, ನುಂಗಿಕೊಂಡೆ.

ಹಳೆಯ ಆಯಿಲನ್ನು ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿದರು. ಹಿತ್ತಾಳೆಯ ಚೂರು ಕಂಡರೆ ಕಾರಿನ ಕಥೆ ಮುಗಿಯಿತು. ಅವರು ಬೆರಳಲ್ಲಿ ಉಜ್ಜುತ್ತಲೇ ಇದ್ದರು, ನಾನು ತಟ್ಟೆಯ ಮೇಲೆ ಬಗ್ಗಿ ನೋಡಿದೆ.

"ಬರೀ ಪುಡಿ. ಚೂರಿಲ್ಲ. ಬದುಕೈತಿ!"

ಜಿಎಲ್ ನಾಲ್ಕನ್ನು ತುಂಬಿಸಿಕೊಂಡು ಬೀದಿಗಿಳಿದೆ. ಒಂದು. ಎರಡು. ಸದ್ದೇ ಇಲ್ಲ! ಮತ್ತೆ ಹಾಕಿದೆ. ಊಹೂಂ, ಇಲ್ಲವೇ ಇಲ್ಲ! "ಗೇರ್ ಬಿತ್ತು ಬಾಬಾಯ್, ಬಿತ್ತು!" ಎಂದು ನಡುಬೀದಿಯಲ್ಲಿ ಕೂಗಿದೆ. ಅವರು ಮಗುವಿನಂತೆ ಚಪ್ಪಾಳೆ ತಟ್ಟಿದರು.

ಆ ವಾರವೇ ಅದೇ ಕಾರಿನಲ್ಲಿ ವಿಶಾಖಪಟ್ಟಣ ಮುಟ್ಟಿದೆ. ಆಮೇಲೂ ವಿಜಯವಾಡಕ್ಕೆ ಹೋದಾಗಲೆಲ್ಲ ಬಾಬಾಯಿಯ ಅಂಗಡಿಯಲ್ಲಿ ಚಹಾ ಕುಡಿದೇ ಬರುತ್ತಿದ್ದೆ. ಹೋದ ವರ್ಷ ಬಾಬಾಯಿ ತೀರಿಕೊಂಡರು. ಮೊನ್ನೆ ಇಲ್ಲಿ ಆಯಿಲ್ ಬದಲಿಸಲು ಹೋದಾಗ ಮೆಕ್ಯಾನಿಕ್‌ಗೆ ಪುಸ್ತಕ ತೆರೆದುಕೊಟ್ಟೆ. ಅವನು ಪುಟದ ಕಲೆ ನೋಡಿ, ಒರೆಸಲು ಬಟ್ಟೆ ಎತ್ತಿಕೊಂಡ.

"ಬೇಡ, ಮುಟ್ಟಬೇಡ!" ಎಂದು ಕಿರುಚಿಯೇಬಿಟ್ಟೆ. ಅಪ್ಪನ ಗೆರೆಯೂ ಬಾಬಾಯಿಯ ಹೆಬ್ಬೆಟ್ಟೂ ಒಟ್ಟಿಗಿರುವುದು ಆ ಒಂದೇ ಪುಟದಲ್ಲಿ.