ಸೊಪ್ಪಿನ ಮಣ್ಣು ಕೇಳುವವನು

ಹಳೆ ಬ್ಯಾಟರಿ ರಿಪೇರಿಯವನು ಸೊಪ್ಪು ಕೊಳ್ಳಲು ನಿಂತರೆ ಹಿಂದಿದ್ದವರು ನಿಟ್ಟುಸಿರು ಬಿಡುತ್ತಾರೆ. ಕಟ್ಟು ಬಿಚ್ಚಿ, ಬೇರು ಮೂಸಿ, ‘ಯಾವ ಮಣ್ಣಲ್ಲಿ ಬೆಳೆದದ್ದು, ಅಕ್ಕಾ?’ ಎನ್ನುತ್ತಾನೆ. ‘ಸೊಪ್ಪಿನ ವಂಶಾವಳಿ ಬೇರೆ ಹೇಳಲಾ, ಅಣ್ಣಾ?’ ಎಂದು ಮಾರುವಾಕೆ ರೇಗಿಸುತ್ತಾಳೆ. ಮನೆಯೊಳಗೆ ಕಾಲಿಡುವ ಮುನ್ನ ನಲ್ಲಿಯಡಿ ಮೈ ತೊಳೆಯುತ್ತಾನೆ. ಅವನ ಕೆಲಸದ ಅಂಗಿಯನ್ನು ಬಸುರಿ ಹೆಂಡತಿ ಮುಟ್ಟುವಂತಿಲ್ಲ. ‘ಹೀಗೇ ಉಜ್ಜಿದರೆ ಸವೆದು ಹೋಗ್ತೀಯಪ್ಪ’ ಎಂದು ನೆರೆಯವರು ನಗುತ್ತಾರೆ, ಅವನೂ ನಗುತ್ತಾನೆ. ಮೊದಲ ಬಸುರಿನಲ್ಲಿ ಆಕೆಗೆ ರಕ್ತ ಕಡಿಮೆ, ಸೊಪ್ಪು ತಿನ್ನಿಸು ಎಂದಿದ್ದರು ಡಾಕ್ಟರು. ಅಂಗಡಿಯ ಖಾಲಿ ಬ್ಯಾಟರಿ ಡಬ್ಬಗಳಿಗೆ ಮಣ್ಣು ತುಂಬಿ ಇವನೇ ಬೆಳೆದು ತಿನ್ನಿಸಿದ. ಮಗು ಉಳಿಯಲಿಲ್ಲ. ಡಬ್ಬಗಳಲ್ಲಿದ್ದ ಸೀಸದ ವಿಷ ಸೊಪ್ಪಿಗಿಳಿದಿತ್ತೆಂದು ಆಮೇಲೆ ಗೊತ್ತಾಯಿತು. ಈಗ ಆಕೆಯ ತಟ್ಟೆಯಿಂದ ಮೊದಲ ತುತ್ತು ತಾನೇ ತಿಂದು, ಸ್ವಲ್ಪ ಹೊತ್ತು ಕಾದು, ‘ಚೆನ್ನಾಗಿದೆ, ತಿನ್ನು’ ಎನ್ನುತ್ತಾನೆ. ‘ಆ ಸೊಪ್ಪೂ ಚೆನ್ನಾಗೇ ಇತ್ತು ಕಣ್ರೀ’ ಎಂದು ಆಕೆ ಮೆಲ್ಲಗೆ ತಟ್ಟೆ ಎಳೆದುಕೊಳ್ಳುತ್ತಾಳೆ.